ಸತ್ಸುಕಿಯದು ಧೈರ್ಯವೇ? ಅಕ್ಕ-ತಂಗಿಯ ಪರ-ವಿರೋಧ

‘ಮೈ ನೇಬರ್ ಟೊಟೊರೊ’ 1988ರ ಏಪ್ರಿಲ್‌ನಲ್ಲಿ ಜಪಾನಿನಲ್ಲಿ ಬಂದ ಅನಿಮೇಷನ್ ಸಿನಿಮಾ. ಹಯಾವೊ ಮಿಯಾಜಾಕಿ ಮಾಡಿದ್ದು. ಕತೆ ನಡೆಯುವುದು 1950ರ ದಶಕದ ಒಂದು ಹಳ್ಳಿಯಲ್ಲಿ. ಅಮ್ಮ ಆಸ್ಪತ್ರೆಯಲ್ಲಿದ್ದಾಳೆ. ಅಪ್ಪನಿಗೆ ಟೋಕಿಯೋದ ವಿಶ್ವವಿದ್ಯಾಲಯದಲ್ಲಿ ಕೆಲಸ. ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಅವನು ಹಳ್ಳಿಯ ಒಂದು ಹಳೇ ಮನೆಗೆ ಬರುತ್ತಾನೆ. ದೊಡ್ಡವಳು ಸತ್ಸುಕಿ, ಶಾಲೆಗೆ ಹೋಗುವವಳು. ಚಿಕ್ಕವಳು ಮೇಯಿ, ಇನ್ನೂ ನಾಲ್ಕು ವರ್ಷ.

ನಮ್ಮಿಬ್ಬರಿಗೂ ಈ ಸಿನಿಮಾ ಬಾಯಿಪಾಠ. ಆದರೂ ಒಂದು ವಿಷಯಕ್ಕೆ ಪ್ರತಿ ಸಲ ವಾದ ಆಗುತ್ತದೆ. ಸತ್ಸುಕಿ ಮನೆ ನಿಭಾಯಿಸುತ್ತಾಳಲ್ಲ, ಅದು ಧೈರ್ಯವೇ? ಹೌದು ಅನ್ನುವವಳು ತಂಗಿ. ಅಲ್ಲ ಅನ್ನುವವಳು ಅಕ್ಕ.

ಪರ: ತಂಗಿ ಬರೆದದ್ದು

ಧೈರ್ಯ ಅಂದ ಕೂಡಲೇ ಎಲ್ಲರೂ ಮೇಯಿಯನ್ನು ತೋರಿಸುತ್ತಾರೆ. ಪೊದೆಯೊಳಗೆ ನುಗ್ಗುತ್ತಾಳೆ, ಕರ್ಪೂರದ ಮರದ ಬುಡದ ತೂತಿನಲ್ಲಿ ಜಾರಿ ಬೀಳುತ್ತಾಳೆ, ಗುಡ್ಡದಷ್ಟು ದೊಡ್ಡ ಕಾಡುಜೀವಿ ಟೊಟೊರೊನ ಹೊಟ್ಟೆ ಮೇಲೆ ಹತ್ತಿ ಅದರ ಮೂಗು ಮುಟ್ಟುತ್ತಾಳೆ. ಕೊನೆಗೆ ಅಲ್ಲೇ ನಿದ್ದೆ ಹೋಗುತ್ತಾಳೆ. ನೋಡೋಕೆ ತುಂಬ ಚಂದ. ಆದರೆ ಮೇಯಿಗೆ ಹೆದರಿಕೆ ಅಂದರೆ ಏನು ಅಂತಲೇ ಇನ್ನೂ ಗೊತ್ತಿಲ್ಲ. ಹೆದರಿಕೆಯೇ ಇಲ್ಲದಿದ್ದರೆ ಧೈರ್ಯದ ಮಾತು ಎಲ್ಲಿಂದ ಬಂತು?

ಸತ್ಸುಕಿಗೆ ಗೊತ್ತಿದೆ. ಮನೆಯಲ್ಲಿ ಮಸಿಯುಂಡೆಯಂಥ ಕರೀ ಪುಟ್ಟ ಜೀವಿಗಳು ಸರಸರ ಓಡಾಡುತ್ತವೆ. ಆದರೂ ಮೊದಲ ರಾತ್ರಿ ಸ್ನಾನದ ನೀರಿಗೆ ಸೌದೆ ಬೇಕಾದಾಗ ಹೊರಗೆ ಹೋಗುವವಳು ಅವಳೇ. ಕತ್ತಲು, ಮರಗಳು ಹೋ ಅಂತ ಸದ್ದು ಮಾಡುತ್ತಿವೆ, ಗಾಳಿ ಬೀಸಿ ಕೈಯಲ್ಲಿದ್ದ ಸೌದೆಯನ್ನೇ ಕಿತ್ತುಕೊಂಡು ಹೋಗುತ್ತದೆ. ಆ ಹುಡುಗಿ ಒಂದು ಕ್ಷಣ ಹಾಗೇ ನಿಂತುಬಿಡುತ್ತಾಳೆ. ನನಗೆ ಈ ಸಿನಿಮಾದ ಧೈರ್ಯ ಅಂದರೆ ಆ ನಿಂತ ಒಂದು ಕ್ಷಣ.

ಇನ್ನು ಬಸ್ ಸ್ಟಾಪಿನ ದೃಶ್ಯ. ಜೋರು ಮಳೆ. ಕೊಡೆ ಮರೆತು ಹೋದ ಅಪ್ಪನಿಗೆ ಕೊಡೆ ತಂದು ಇಬ್ಬರೂ ಕಾಯುತ್ತಿದ್ದಾರೆ. ಒಂದು ಬಸ್ ಬಂತು, ಅದರಲ್ಲಿ ಅಪ್ಪ ಇಲ್ಲ. ಮೇಯಿ ತೂಕಡಿಸುತ್ತಾಳೆ. ಸತ್ಸುಕಿ ಅವಳನ್ನು ಬೆನ್ನಿಗೆ ಹಾಕಿಕೊಳ್ಳುತ್ತಾಳೆ, ಕೊಡೆಯನ್ನು ಕತ್ತಿಗೂ ಭುಜಕ್ಕೂ ಒತ್ತಿ ಹಿಡಿಯುತ್ತಾಳೆ. ಪಕ್ಕದಲ್ಲಿ ಯಾರೋ ಬಂದು ನಿಂತ ಹಾಗಾಯಿತು. ಕೊಡೆಯ ಅಂಚಿನ ಕೆಳಗಿಂದ ಕಾಣುವುದು ಬರೀ ಉಗುರಿನ ಪಾದಗಳು. ಓಡುವಂತಿಲ್ಲ, ಬೆನ್ನ ಮೇಲೆ ತಂಗಿ ಇದ್ದಾಳೆ. ಆಗ ಅವಳು ಮಾಡುವ ಕೆಲಸ ನೋಡಿ. ತಲೆ ಮೇಲೆ ಒಂದು ಎಲೆ ಇಟ್ಟುಕೊಂಡು ನೆನೆಯುತ್ತಿರುವ ಟೊಟೊರೊಗೆ ಅಪ್ಪನ ಕೊಡೆ ಕೊಟ್ಟುಬಿಡುತ್ತಾಳೆ, ಹೇಗೆ ಹಿಡಿಯಬೇಕು ಅಂತಾನೂ ಹೇಳಿಕೊಡುತ್ತಾಳೆ. ಹೆದರಿದಾಗ ಕೈ ಮುದುರಿಕೊಳ್ಳುವುದು ಸಹಜ. ಅವಳ ಕೈ ಕೊಡೋಕೆ ಮುಂದೆ ಬರುತ್ತದೆ.

ಅಕ್ಕ ಇದಕ್ಕೆಲ್ಲ ‘ಅದು ಜವಾಬ್ದಾರಿ, ಧೈರ್ಯ ಅಲ್ಲ’ ಅಂತಾಳೆ. ನಾನು ಒಪ್ಪೋಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಮೂವರಿಗೂ ಬುತ್ತಿ ಕಟ್ಟುವುದು, ತಂಗಿಯ ಕೂದಲು ಕಟ್ಟುವುದು, ಶಾಲೆಗೇ ಬಂದುಬಿಟ್ಟ ತಂಗಿಯನ್ನು ತರಗತಿಯಲ್ಲಿ ಪಕ್ಕಕ್ಕೆ ಕೂರಿಸಿಕೊಳ್ಳುವುದು, ಇವೆಲ್ಲ ಅಮ್ಮ ವಾಪಸ್ ಬರುತ್ತಾಳೋ ಇಲ್ಲವೋ ಅನ್ನುವ ಭಯವನ್ನು ಒಳಗೆ ಇಟ್ಟುಕೊಂಡು ಮಾಡುವ ಕೆಲಸಗಳು. ಒಂದೇ ಸಲ ಹುಲಿ ಮುಂದೆ ನಿಲ್ಲುವುದು ಸುಲಭ ಅನ್ನಿಸುತ್ತದೆ. ದಿನಾ ಬೆಳಿಗ್ಗೆ ಅದೇ ಭಯದ ಜೊತೆ ಎದ್ದು ಒಲೆ ಹಚ್ಚುವುದು ಕಷ್ಟ.

ಕೆರೆಯ ಹತ್ತಿರದ ದೃಶ್ಯವನ್ನೂ ಹೇಳಲೇಬೇಕು. ಮೇಯಿ ಕಾಣೆಯಾಗಿದ್ದಾಳೆ. ನೀರಿನಲ್ಲಿ ಒಂದು ಪುಟ್ಟ ಚಪ್ಪಲಿ ಸಿಕ್ಕಿದೆ. ಪಕ್ಕದ ಮನೆಯ ಅಜ್ಜಿ ಜಪಮಣಿ ಹಿಡಿದು ನಡುಗುತ್ತಿದ್ದಾಳೆ. ಆ ಚಪ್ಪಲಿಯನ್ನು ನೋಡಿ ಹೌದು ಅಥವಾ ಅಲ್ಲ ಅಂತ ಹೇಳಬೇಕಾದವಳು ಸತ್ಸುಕಿ. ಅವಳು ಓಡಿ ಬಂದು ನೋಡುತ್ತಾಳೆ. ಮೇಯಿಯದಲ್ಲ. ನೋಡದೆ ಕಣ್ಣು ಮುಚ್ಚಿಕೊಳ್ಳುವ ಹಕ್ಕು ಆ ವಯಸ್ಸಿನ ಹುಡುಗಿಗೆ ಇತ್ತು ಅಲ್ವಾ?

ನಮ್ಮಮ್ಮನಿಗೆ ಆಪರೇಷನ್ ಆದ ವರ್ಷ ನನಗೆ ಎರಡು ಜಡೆ ಹಾಕಿ ಶಾಲೆಗೆ ಕಳಿಸುತ್ತಿದ್ದದ್ದು ಅಕ್ಕ. ಜಡೆ ಒಂದು ಮೇಲೆ ಒಂದು ಕೆಳಗೆ ಇರುತ್ತಿತ್ತು. ಅದು ಧೈರ್ಯ ಅಲ್ಲ ಅಂತ ಅವಳೇ ಹೇಳಿದರೂ ನಾನು ಕೇಳೋಲ್ಲ.

ವಿರೋಧ: ಅಕ್ಕ ಬರೆದದ್ದು

ಜಡೆಯ ಮಾತು ಬಂತಲ್ಲ, ನಾನೂ ಅಲ್ಲಿಂದಲೇ ಶುರು ಮಾಡುತ್ತೇನೆ. ಆಸ್ಪತ್ರೆಯಲ್ಲಿ ಅಮ್ಮ ಮೇಯಿಯ ಕೂದಲು ನೋಡಿ, ಯಾರು ಕಟ್ಟಿದ್ದು ಅಂತ ಕೇಳುತ್ತಾಳೆ. ಸತ್ಸುಕಿ. ಅಮ್ಮ ಮೆಚ್ಚಿಕೊಳ್ಳುತ್ತಾಳೆ. ಆಮೇಲೆ ದೊಡ್ಡವಳನ್ನು ಹತ್ತಿರ ಕರೆದು ಅವಳ ಗಿಡ್ಡ ಕೂದಲಿಗೆ ಬಾಚಣಿಗೆ ಹಾಕುತ್ತಾಳೆ. ನಿಧಾನಕ್ಕೆ ಬಾಚುತ್ತಾಳೆ. ದೊಡ್ಡವಳಾದಾಗ ನನ್ನ ಕೂದಲೂ ನಿನ್ನ ಹಾಗೇ ಆಗುತ್ತಾ ಅಂತ ಮಗಳು ಕೇಳುತ್ತಾಳೆ. ಅಲ್ಲಿಯವರೆಗೆ ಮನೆಯ ಯಜಮಾನಿಯ ಹಾಗಿದ್ದ ಹುಡುಗಿಯ ಮುಖ ಆ ಬಾಚಣಿಗೆಯ ಕೆಳಗೆ ಪುಟ್ಟ ಮಗುವಿನ ಮುಖ ಆಗುತ್ತದೆ. ಅವಳಿಗೆ ಬೇಕಾಗಿದ್ದದ್ದು ಅದು.

ಸಿನಿಮಾದ ಕೊನೆಯಲ್ಲಿ ಅಮ್ಮನೇ ಅಪ್ಪನಿಗೆ ಹೇಳುತ್ತಾಳೆ: ಮಕ್ಕಳು ಹೊರಗೆ ಕಾಣುವುದಕ್ಕಿಂತ ಜಾಸ್ತಿ ಕಷ್ಟಪಟ್ಟಿದ್ದಾರೆ, ಸತ್ಸುಕಿ ಹೇಳಿದ ಮಾತು ಕೇಳುವ ಹುಡುಗಿ, ಅದಕ್ಕೇ ಅವಳನ್ನು ನೆನೆದರೆ ಇನ್ನೂ ಪಾಪ ಅನ್ನಿಸುತ್ತದೆ. ಇಲ್ಲಿ ‘ಎಷ್ಟು ಧೈರ್ಯದ ಹುಡುಗಿ’ ಅನ್ನುವ ಹೊಗಳಿಕೆ ಇಲ್ಲ. ಪಾಪ ಅನ್ನುತ್ತಾಳೆ. ಮಿಯಾಜಾಕಿ ನಾಲ್ಕು ಗಂಡುಮಕ್ಕಳಲ್ಲಿ ಎರಡನೆಯವರು. ಅವರ ತಾಯಿಗೆ ಬೆನ್ನುಮೂಳೆಯ ಕ್ಷಯ ಬಂದು ವರ್ಷಗಟ್ಟಲೆ ಮಲಗಿದ್ದರು. ಆ ಮಾತು ಸುಮ್ನೆ ಬಂದದ್ದಲ್ಲ ಅಂತ ನನಗೆ ಅನ್ನಿಸುತ್ತದೆ.

ಆಸ್ಪತ್ರೆಯಿಂದ ಟೆಲಿಗ್ರಾಂ ಬರುತ್ತದೆ. ಸತ್ಸುಕಿ ಓಡಿ ಹೋಗಿ ಅಪ್ಪನಿಗೆ ಫೋನ್ ಮಾಡುತ್ತಾಳೆ. ಅಮ್ಮ ಈ ಶನಿವಾರ ಮನೆಗೆ ಬರುವುದಿಲ್ಲ. ಮೇಯಿ ಹಟ ಹಿಡಿದಾಗ ಸತ್ಸುಕಿ, ಹಾಗಾದರೆ ಅಮ್ಮ ಸತ್ತರೂ ಪರವಾಗಿಲ್ವಾ ಅಂತ ಕಿರುಚಿಬಿಡುತ್ತಾಳೆ. ತಂಗಿ ಬರೆದಳಲ್ಲ, ಭಯವನ್ನು ಒಳಗೆ ಇಟ್ಟುಕೊಂಡಳು ಅಂತ. ಒಳಗೆ ಇಟ್ಟದ್ದು ಹೀಗೆ ಹೊರಗೆ ಬಂತು, ಅದೂ ನಾಲ್ಕು ವರ್ಷದ ಮಗುವಿನ ಮೇಲೆ. ನಾನೂ ಹಾಗೆ ಕಿರುಚಿದ್ದೇನೆ, ಅವಳಿಗೆ ನೆನಪಿಲ್ಲ. ಜಡೆ ಮಾತ್ರ ನೆನಪಿದೆ.

ಆ ವರ್ಷ ಮನೆಗೆ ಬಂದವರೆಲ್ಲ ನನಗೆ ಒಂದೇ ಮಾತು ಹೇಳುತ್ತಿದ್ದರು. ‘ಎಷ್ಟು ತಿಳುವಳಿಕೆ ಈ ಮಗುಗೆ!’ ಆ ಮಾತು ಕೇಳಿದ ಮೇಲೆ ಅಳೋಕೆ ಆಗುವುದಿಲ್ಲ. ಎಲ್ಲರೂ ಚೆನ್ನಾಗಿದೆ ಅಂದ ಬಟ್ಟೆಯನ್ನು ಬಿಚ್ಚೋಕೆ ಆಗಲ್ವಲ್ಲ, ಹಾಗೆ. ಇದನ್ನು ಧೈರ್ಯ ಅಂತ ಕರೆದರೆ ಮಕ್ಕಳು ಇನ್ನೂ ಗಟ್ಟಿಯಾಗಿ ಬಾಯಿ ಮುಚ್ಚಿಕೊಳ್ಳುತ್ತಾರೆ. ನನ್ನ ವಿರೋಧ ಇರುವುದು ಇಷ್ಟಕ್ಕೇ.

ಸತ್ಸುಕಿ ಧೈರ್ಯವಂತೆಯೇ ಅಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ಅವಳ ಧೈರ್ಯ ಶುರುವಾಗುವುದು ಅವಳು ದೊಡ್ಡವಳ ಹಾಗೆ ಇರುವುದನ್ನು ಬಿಟ್ಟ ಮೇಲೆ. ಅಜ್ಜಿಯ ಮುಂದೆ ನಿಂತು, ಹೋದ ಸಲಾನೂ ಕೆಲವೇ ದಿನ ಅಂದಿದ್ದರು, ಅಮ್ಮ ಸತ್ತುಹೋದರೆ ಏನು ಮಾಡಲಿ ಅಂತ ಬಾಯಿ ತೆರೆದು ಅಳುತ್ತಾಳೆ. ಮೊದಲ ಸಲ ನಿಜ ಹೇಳುತ್ತಾಳೆ. ಆಮೇಲೆ, ಎಲ್ಲಾ ಕಡೆ ಹುಡುಕಿ ಸೋತ ಮೇಲೆ, ಆ ಮರದ ಹತ್ತಿರ ಓಡಿ ಟೊಟೊರೊನ ಮುಂದೆ ತಲೆ ತಗ್ಗಿಸಿ, ನನ್ನ ತಂಗಿಯನ್ನು ಹುಡುಕಿಕೊಡು ಅಂತ ಬೇಡಿಕೊಳ್ಳುತ್ತಾಳೆ. ಬುತ್ತಿ ಕಟ್ಟುವ ಹುಡುಗಿಗೆ ಅತ್ಯಂತ ಕಷ್ಟದ ಕೆಲಸ ‘ನನ್ನ ಕೈಯಲ್ಲಿ ಆಗ್ತಿಲ್ಲ’ ಅನ್ನುವುದು. ಅಲ್ಲಿಂದ ಮುಂದೆ ಬೆಕ್ಕು-ಬಸ್ (ಬೆಕ್ಕಿನ ರೂಪದ ಬಸ್ಸು) ಬರುತ್ತದೆ, ಮೇಯಿ ಸಿಗುತ್ತಾಳೆ.

ಮೇಯಿಗೆ ಹೆದರಿಕೆ ಗೊತ್ತಿಲ್ಲ ಅಂದಳು ತಂಗಿ. ಅದೂ ತಪ್ಪು. ಸತ್ಸುಕಿ ಅಳುವುದನ್ನು ಮೇಯಿ ಹಿಂದೆ ನಿಂತು ನೋಡುತ್ತಾಳೆ. ಬಂಡೆ ಅಂದುಕೊಂಡಿದ್ದ ಅಕ್ಕ ಕರಗುವುದನ್ನು ನೋಡಿದ ಮೇಲೂ ಹೆದರಿಕೆ ಗೊತ್ತಾಗದೇ ಇರುತ್ತದೆಯೇ? ತಾನೇ ಕಿತ್ತ ಮುಸುಕಿನ ಜೋಳದ ತೆನೆಯನ್ನು ಎದೆಗೆ ಅವುಚಿಕೊಂಡು, ದೊಡ್ಡವರಿಗೇ ಮೂರು ಗಂಟೆ ನಡೆಯಬೇಕಾದ ಆಸ್ಪತ್ರೆಗೆ ಅವಳು ಹೊರಡುವುದು ಅದರ ನಂತರ. ಅಕ್ಕ ಅತ್ತದ್ದರಿಂದಲೇ ತಂಗಿ ಎದ್ದು ನಿಂತಳು.

ಸಿನಿಮಾ ಮುಗಿದು ಹೆಸರುಗಳು ಓಡುವಾಗ ತಂಗಿ ಯಾವಾಗಲೂ ಎದ್ದು ಹೋಗುತ್ತಾಳೆ. ಮುಂದಿನ ಸಲ ಸ್ವಲ್ಪ ಕೂತುಕೋ. ಅಮ್ಮ ಮನೆಗೆ ಬರುವುದು ಅಲ್ಲೇ. ಹಾಸಿಗೆಯಲ್ಲಿ ಮಲಗಿ ಅಮ್ಮ ಪುಸ್ತಕ ಓದುತ್ತಿರುತ್ತಾಳೆ, ಮಕ್ಕಳಿಬ್ಬರೂ ಅವಳ ಪಕ್ಕದಲ್ಲೇ ಇರುತ್ತಾರೆ. ಅಲ್ಲಿ ಸತ್ಸುಕಿಗೆ ಮಾಡೋಕೆ ಒಂದು ಕೆಲಸಾನೂ ಇಲ್ಲ.