ಜನವರಿ 20 ಮತ್ತು ಜೋಶ್ ಗಿಬ್ಸನ್

ಕ್ರೀಡಾ ಗುಂಪಿನಲ್ಲಿ ಇವತ್ತೂ ‘ಅಮೆರಿಕದ ಕ್ರೀಡಾ ಇತಿಹಾಸದಲ್ಲಿ ಈ ದಿನ’ ಎಂಬ ಪಟ್ಟಿ ಬಂದಿದೆ. ಯಾರದೋ ಹುಟ್ಟುಹಬ್ಬ, ಯಾವುದೋ ಫೈನಲ್, ಮತ್ತಾರದೋ ದಾಖಲೆ. ಜನವರಿ 20ರ ಪಟ್ಟಿಯಲ್ಲಿ ಜೋಶ್ ಗಿಬ್ಸನ್ ಹೆಸರೇ ಇಲ್ಲ! ನನ್ನ ಬೇಸ್‌ಬಾಲ್ ಹುಚ್ಚು ಬಲ್ಲವರು ‘ಮತ್ತೆ ಶುರುವಾಯಿತು’ ಎಂದು ಗೊಣಗಬಹುದು. ಗೊಣಗಿ, ಆದರೆ ಓದಿ.

1947ರ ಈ ದಿನ ಗಿಬ್ಸನ್ ಪಿಟ್ಸ್‌ಬರ್ಗ್‌ನಲ್ಲಿ ತೀರಿಕೊಂಡರು. ವಯಸ್ಸು 35. ಹೋಮ್‌ಸ್ಟೆಡ್ ಗ್ರೇಸ್ ತಂಡದ ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವರು), ಹೊರಗಿಡಲ್ಪಟ್ಟ ಕಪ್ಪು ಆಟಗಾರರಿಗಾಗಿದ್ದ ನೀಗ್ರೊ ಲೀಗ್‌ಗಳ ಅತಿ ದೊಡ್ಡ ಹೊಡೆತಗಾರ. ಮೂರು ತಿಂಗಳು ತುಂಬುವ ಮೊದಲೇ, ಏಪ್ರಿಲ್ 15ರಂದು, ಜಾಕಿ ರಾಬಿನ್ಸನ್ ಬ್ರೂಕ್ಲಿನ್ ಡಾಡ್ಜರ್ಸ್ ಪರ ಕಣಕ್ಕಿಳಿದು, ಬೇಸ್‌ಬಾಲ್‌ನ ಅತ್ಯುನ್ನತ ಮಟ್ಟವಾದ ಮೇಜರ್ ಲೀಗ್‌ನಲ್ಲಿ ಕಪ್ಪುವರ್ಣೀಯರಿಗಿದ್ದ ತಡೆಯನ್ನು ಮುರಿದರು. ಆ ದಿನಾಂಕ ಯಾವ ಪಟ್ಟಿಯಲ್ಲೂ ತಪ್ಪುವುದಿಲ್ಲ, ತಪ್ಪಲೂಬಾರದು. ಈಗ ಪ್ರತಿ ವರ್ಷ ಆ ದಿನ ಮೇಜರ್ ಲೀಗಿನ ಆಟಗಾರರೆಲ್ಲ ಅವರ 42ನೇ ಸಂಖ್ಯೆಯ ಅಂಗಿ ತೊಡುತ್ತಾರೆ. ನನ್ನ ತಕರಾರು ರಾಬಿನ್ಸನ್ ಮೇಲಲ್ಲ. ಬಾಗಿಲು ತೆರೆದ ದಿನಕ್ಕೆ ಹಾರ ಹಾಕುವವರು, ಅದನ್ನು ಅಷ್ಟು ಕಾಲ ಮುಚ್ಚಿಟ್ಟವರು ಯಾರು ಎಂಬುದಕ್ಕೆ ಒಂದು ಸಾಲನ್ನೂ ಕೊಡುವುದಿಲ್ಲವಲ್ಲ! 1884ರಲ್ಲೇ ಕಪ್ಪುವರ್ಣೀಯ ಮೋಸಸ್ ಫ್ಲೀಟ್‌ವುಡ್ ವಾಕರ್ ಮೇಜರ್ ಲೀಗ್ ಮಟ್ಟದ ಟೊಲೀಡೊ ತಂಡಕ್ಕೆ ಆಡಿದ್ದರು. ಆಮೇಲೆ ಮಾಲೀಕರು ಒಳಗೊಳಗೇ ಮಾತಾಡಿಕೊಂಡು ಕಪ್ಪುವರ್ಣೀಯರನ್ನು ಹೊರಗಿಟ್ಟರು. ದೊಡ್ಡವರ ವ್ಯವಹಾರ, ಕಾಗದಪತ್ರವೇಕೆ?

2024ರಲ್ಲಿ ಮೇಜರ್ ಲೀಗ್ ಬೇಸ್‌ಬಾಲ್, ನೀಗ್ರೊ ಲೀಗ್‌ಗಳ ಅಂಕಿಅಂಶಗಳನ್ನು ತನ್ನ ಅಧಿಕೃತ ದಾಖಲೆಗೆ ಸೇರಿಸಿಕೊಂಡಿತು. ಗಿಬ್ಸನ್ ವೃತ್ತಿಜೀವನದ ಬ್ಯಾಟಿಂಗ್ ಸರಾಸರಿ .372. ಅದುವರೆಗೆ ಮೊದಲಿದ್ದ ಟೈ ಕಾಬ್ ಅವರ .367 ಎರಡನೇ ಸ್ಥಾನಕ್ಕೆ ಇಳಿಯಿತು. (ಕ್ರಿಕೆಟ್ ಸರಾಸರಿಯಲ್ಲ ಮಾರಾಯರೇ. ಸಾವಿರ ಅವಕಾಶಕ್ಕೆ 372 ಹಿಟ್ ಎಂದು ಲೆಕ್ಕ.) ಸತ್ತು 77 ವರ್ಷಗಳಾದ ಮೇಲೆ ಅಗ್ರಸ್ಥಾನ!

ಅದಕ್ಕೂ ಕೊಂಕು. ನೀಗ್ರೊ ಲೀಗ್‌ಗಳಲ್ಲಿ ಋತುವಿಗೆ ಲೆಕ್ಕಕ್ಕೆ ಸಿಗುವ ಪಂದ್ಯಗಳು ಕಡಿಮೆ, ಹೋಲಿಕೆ ಸರಿಯಲ್ಲ ಎನ್ನುತ್ತಾರೆ. ಪಂದ್ಯಗಳು ಕಡಿಮೆ ಇದ್ದದ್ದು ನಿಜ. ಗಿಬ್ಸನ್ ಬೇಡವೆಂದು ಮೇಜರ್ ಲೀಗ್ ಬಿಟ್ಟು ಬಂದಿದ್ದರೇ? ಹಾಗಾದರೆ ಮೇಜರ್ ಲೀಗಿನ ದಿಗ್ಗಜ ಬೇಬ್ ರೂತ್ ಅವರ 714 ಹೋಮ್ ರನ್‌ಗಳ ಪಕ್ಕದಲ್ಲೂ ಒಂದು ಷರಾ ಬರೆಯಿರಿ: ‘ಲೀಗ್ ಪಂದ್ಯಗಳಲ್ಲಿ ಸ್ಯಾಚೆಲ್ ಪೇಜ್ ಅವರಂಥ ಕಪ್ಪು ಪಿಚರ್‌ಗಳನ್ನು (ಚೆಂಡೆಸೆಯುವವರನ್ನು) ಇವರು ಎದುರಿಸಿಲ್ಲ.’ ಆ ಪೇಜ್ 1948ರಲ್ಲಿ ಮೇಜರ್ ಲೀಗಿಗೆ ಕಾಲಿಟ್ಟಾಗ ಅವರಿಗೆ 42 ವರ್ಷ. ಬೇರೆಯವರು ನಿವೃತ್ತರಾಗಿ ಮನೆಯಲ್ಲಿರುವ ವಯಸ್ಸು.

ನಿಜ ಹೇಳುತ್ತೇನೆ, ಈ ಅಂಕಿಗಳಿಗಿಂತ ನನ್ನ ಹೊಟ್ಟೆ ಉರಿಸುವುದು ಒಂದು ಕಲ್ಲು. ಪಿಟ್ಸ್‌ಬರ್ಗ್‌ನ ಅಲೆಘೆನಿ ಸ್ಮಶಾನದಲ್ಲಿ ಗಿಬ್ಸನ್ ಸಮಾಧಿಗೆ ದಶಕಗಳ ಕಾಲ ಗುರುತಿನ ಕಲ್ಲೂ ಇರಲಿಲ್ಲ. 1972ರಲ್ಲಿ ಬೇಸ್‌ಬಾಲ್ ದಿಗ್ಗಜರ ಹಾಲ್ ಆಫ್ ಫೇಮ್ ಸನ್ಮಾನಿಸಿತು. ಕಲ್ಲು ಬಂದದ್ದು ಅದಾದ ಮೇಲೆ. ಸನ್ಮಾನಕ್ಕೆ ಫಲಕ ಮೊದಲು, ಮಲಗಿದ ಜಾಗಕ್ಕೆ ಹೆಸರು ಆಮೇಲೆ.

ಅದೇ 1972ರ ಅಕ್ಟೋಬರ್ 15ರಂದು, ಸಿನ್ಸಿನಾಟಿಯಲ್ಲಿ ವರ್ಲ್ಡ್ ಸೀರೀಸ್ (ಮೇಜರ್ ಲೀಗಿನ ಅಂತಿಮ ಸರಣಿ) ಪಂದ್ಯಕ್ಕೆ ಮುನ್ನ ಜಾಕಿ ರಾಬಿನ್ಸನ್ ಅವರನ್ನು ಗೌರವಿಸಿದರು. ಸಕ್ಕರೆ ಕಾಯಿಲೆಯಿಂದ ಕಣ್ಣು ಹೆಚ್ಚುಕಡಿಮೆ ಹೋಗಿತ್ತು. ಧನ್ಯವಾದ ಹೇಳಿ ಸುಮ್ಮನಾಗಬಹುದಿತ್ತು. ಕಪ್ಪು ಮ್ಯಾನೇಜರ್ (ಆಟದಲ್ಲಿ ತಂಡವನ್ನು ನಡೆಸುವ ಮುಖ್ಯಸ್ಥ) ಒಬ್ಬರನ್ನು ಕಂಡ ದಿನ ಇನ್ನೂ ಹೆಚ್ಚು ಸಂತೋಷವಾಗುತ್ತದೆ ಎಂದು ಎಲ್ಲರೆದುರೇ ಹೇಳಿಬಿಟ್ಟರು. ಒಂಬತ್ತು ದಿನಗಳಲ್ಲಿ ತೀರಿಕೊಂಡರು, 53ನೇ ವಯಸ್ಸಿಗೆ. ಕ್ಲೀವ್‌ಲ್ಯಾಂಡ್ ತಂಡ ಫ್ರ್ಯಾಂಕ್ ರಾಬಿನ್ಸನ್ ಅವರನ್ನು ಮೇಜರ್ ಲೀಗಿನ ಮೊದಲ ಕಪ್ಪು ಮ್ಯಾನೇಜರ್ ಆಗಿ ಕಣಕ್ಕಿಳಿಸಿದ್ದು 1975ರ ಏಪ್ರಿಲ್ 8ರಂದು. ಅದೂ ಪಟ್ಟಿಯಲ್ಲಿ ಬರುತ್ತದೆ, ಮೈಲಿಗಲ್ಲು ಎಂದು, ಚಪ್ಪಾಳೆಯ ಚಿತ್ರಗಳ ಸಮೇತ.