‘ಕೂರುತ್ತದೆ’ ಎಂದರೆ ಎಷ್ಟು ಮಿಲಿಮೀಟರ್?

ಕಳೆದ ಐದು ತಿಂಗಳಲ್ಲಿ ಬಿಡಿಭಾಗಗಳ ಮೂರು ಪೊಟ್ಟಣಗಳು ನನ್ನ ಕೈಸೇರಿವೆ. ಮೂರರ ಮೇಲೂ ನನ್ನ ಹಳೆಯ ಚೈನ್ ಸಾದ (ಮರ ಕೊಯ್ಯುವ ಸರಪಳಿ ಗರಗಸದ) ಮಾದರಿ ಸಂಖ್ಯೆ ಒಂದಂಕಿಯೂ ತಪ್ಪದಂತೆ ಅಚ್ಚಾಗಿತ್ತು; ಒಳಗಿದ್ದ ಒಂದು ಭಾಗವೂ ಯಂತ್ರಕ್ಕೆ ಕೂರಲಿಲ್ಲ. ಹಳೆಯ ಯಂತ್ರಗಳಿಗೆ ಭಾಗ ಸಿಗುವುದು ಕಷ್ಟ ಎಂಬುದು ನನಗೆ ಗೊತ್ತಿರುವ ವಿಷಯವೇ, ಅದಕ್ಕೆ ನಾನು ಯಾರ ಮೇಲೂ ಸಿಟ್ಟಾದವನಲ್ಲ. ಆದರೆ ಕೂರದ ಭಾಗವನ್ನು ಕೂರುತ್ತದೆ ಎಂದು ಮಾರಿ, ಅದರ ಅಳತೆ ಎಷ್ಟು ಎಂದು ಕೇಳಿದರೆ ಮಾತು ಹಾರಿಸುವ ಈ ವ್ಯಾಪಾರದ ರೀತಿ ನನ್ನ ತಾಳ್ಮೆಯನ್ನು ಪೂರ್ತಿ ತಿಂದುಹಾಕಿದೆ.

ಯಂತ್ರದ ಮಟ್ಟಿಗೆ ದೂರುವಂಥದ್ದು ಹೆಚ್ಚಿಲ್ಲ. 1959ರಲ್ಲಿ ಸ್ಟಿಲ್ ಕಂಪನಿಯ ಕಾಂಟ್ರಾ, 1963ರಲ್ಲಿ ಬಾರ್ (ಚೈನ್ ಓಡುವ ಪಟ್ಟಿ) ಮತ್ತು ಚೈನ್ ಬಿಟ್ಟರೆ ಕೇವಲ 12 ಪೌಂಡ್ ತೂಗುತ್ತಿದ್ದ ಹೋಮ್‌ಲೈಟ್ ಎಕ್ಸ್‌ಎಲ್-12 ಬಂದವಲ್ಲ, ನನ್ನದು ಆ ಪೀಳಿಗೆಯ ನಂತರದ್ದು. ಅದನ್ನು ತಯಾರಿಸಿದವರು ಬೇರೆ, ಅವರ ಹೆಸರು ಇಲ್ಲಿ ಬೇಡ. ಮೆಗ್ನೀಷಿಯಮ್ ಎರಕದ ಕೇಸಿನಲ್ಲಿ ಬಿರುಕಿಲ್ಲ, ಕ್ರ್ಯಾಂಕ್ ಬಾಗಿಲ್ಲ, ಫ್ಲೈವೀಲನ್ನು ಪುಲ್ಲರ್ ಹಾಕಿ ಎಳೆದು ಅದರಡಿಯ, ಕಿಡಿಯ ವೇಳೆ ನಿರ್ಧರಿಸುವ ಪಾಯಿಂಟುಗಳನ್ನು ಉಜ್ಜಿ 0.4 ಮಿಲಿಮೀಟರ್ ಅಂತರಕ್ಕೆ ಹೊಂದಿಸಿದ ಕೂಡಲೇ ಪ್ಲಗ್ಗಿನಲ್ಲಿ ನೀಲಿ ಕಿಡಿ ಹಾರಿತು. ಕೆಟ್ಟಿದ್ದು ರಬ್ಬರು, ಜೋಡಣೆಯ ಸಂದು ಮುಚ್ಚುವ ಗ್ಯಾಸ್ಕೆಟ್ಟುಗಳು ಮತ್ತು ಗೀರುಬಿದ್ದ ಒಂದು ಪಿಸ್ಟನ್, ಅಷ್ಟೇ.

ಮೊದಲ ಪೊಟ್ಟಣದಲ್ಲಿ ಬಂದದ್ದು ಕಾರ್ಬುರೇಟರ್ ಕಿಟ್: ಎರಡು ಡಯಾಫ್ರಾಂ (ಬಾಗುವ ತೆಳು ಪೊರೆ), ಒಂದು ಸೂಜಿ, ನಾಲ್ಕು ಗ್ಯಾಸ್ಕೆಟ್. ಈ ಕಾರ್ಬುರೇಟರಿಗೆ ಬೇರೆ ಪೆಟ್ರೋಲ್ ಪಂಪ್ ಇರುವುದಿಲ್ಲ. ಪಿಸ್ಟನ್ ಮೇಲೆ ಕೆಳಗೆ ಆಡುವಾಗ ಕ್ರ್ಯಾಂಕ್ ಕೇಸಿನಲ್ಲಿ ಏರಿಳಿಯುವ ಒತ್ತಡವು ಬೆಂಕಿಕಡ್ಡಿಯ ತುದಿಯಷ್ಟೇ ಅಗಲದ ಒಂದು ರಂಧ್ರದ ಮೂಲಕ ಬಂದು ಪಂಪ್ ಡಯಾಫ್ರಾಮನ್ನು ಬಡಿಯುತ್ತದೆ, ಆ ಬಡಿತಕ್ಕೇ ಟ್ಯಾಂಕಿನಿಂದ ಪೆಟ್ರೋಲ್ ಮೇಲೇರುತ್ತದೆ. ಕಿಟ್ಟಿನಲ್ಲಿದ್ದ ಫ್ಲ್ಯಾಂಜ್ ಗ್ಯಾಸ್ಕೆಟ್ಟಿನಲ್ಲಿ ಬೋಲ್ಟಿನ ತೂತುಗಳು ಸರಿಯಾದ ಜಾಗದಲ್ಲಿದ್ದವು, ನಡುವಿನ ದೊಡ್ಡ ತೂತೂ ಸರಿಯಾಗಿತ್ತು, ಆ ಸಣ್ಣ ರಂಧ್ರ ಮಾತ್ರ ಇರಲೇ ಇಲ್ಲ. ನಾನು ಅದನ್ನು ಗಮನಿಸದೆ ಬಿಗಿದೆ. ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ಎರಡು ಸಂಜೆ ಹಗ್ಗ ಎಳೆದೆಳೆದು ಭುಜ ನೋವು ಬಂತು, ಸಿಲಿಂಡರಿಗೆ ನೇರವಾಗಿ ಎರಡು ಹನಿ ಪೆಟ್ರೋಲ್ ಬಿಟ್ಟರೆ ಎರಡು ಕ್ಷಣ ಗುಡುಗಿ ನಿಲ್ಲುತ್ತಿತ್ತು, ಟ್ಯಾಂಕಿನಿಂದ ಒಂದು ತೊಟ್ಟೂ ಬರುತ್ತಿರಲಿಲ್ಲ. ಕೊನೆಗೆ ಎಲ್ಲವನ್ನೂ ಬಿಚ್ಚಿ, ಹಳೆಯ ಹರಿದ ಗ್ಯಾಸ್ಕೆಟ್ಟನ್ನು ಹೊಸದರ ಮೇಲಿಟ್ಟು ಬೆಳಕಿಗೆ ಹಿಡಿದಾಗ ಸತ್ಯ ಕಣ್ಣಿಗೆ ಬಿತ್ತು. ಇರಲೇಬೇಕಾದ ಆ ಸಣ್ಣ ರಂಧ್ರವೇ ಇಲ್ಲದ ವಸ್ತುವಿಗೆ ಹನ್ನೊಂದು ಮಾದರಿಗಳ ಹೆಸರು ಬರೆದು ‘ಎಲ್ಲಕ್ಕೂ ಕೂರುತ್ತದೆ’ ಎಂದು ಮಾರಿದ್ದರು.

ಎರಡನೆಯದು ಪಿಸ್ಟನ್. ಪಟ್ಟಿಯಲ್ಲಿ ಕೊಟ್ಟಿದ್ದ ಅಳತೆ ಒಂದೇ: 44 ಮಿಲಿಮೀಟರ್. ವ್ಯಾಸವೊಂದನ್ನು ಹೇಳಿ ಪಿಸ್ಟನ್ ಮಾರುವುದೆಂದರೆ ಸೊಂಟದ ಸುತ್ತಳತೆಯೊಂದನ್ನು ಹೇಳಿ ಪ್ಯಾಂಟ್ ಹೊಲಿಸಿಕೊಟ್ಟಂತೆ, ಉದ್ದ ಎಷ್ಟಾದರೂ ಆಗಲಿ. ಪಿಸ್ಟನ್ನನ್ನು ರಾಡಿಗೆ ಜೋಡಿಸುವ ಪಿನ್ನಿನ ಮಧ್ಯದಿಂದ ತಲೆಯವರೆಗಿನ ಎತ್ತರ ಬಂದ ಪಿಸ್ಟನ್ನಿನಲ್ಲಿ ಹಳೆಯದಕ್ಕಿಂತ ಒಂದೂವರೆ ಮಿಲಿಮೀಟರ್ ಕಡಿಮೆಯಿತ್ತು. ಇಂಥ ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ವಾಲ್ವುಗಳಿಲ್ಲ, ಪಿಸ್ಟನ್ನಿನ ಅಂಚೇ ಪೋರ್ಟುಗಳನ್ನು, ಅಂದರೆ ಸಿಲಿಂಡರಿನ ಗೋಡೆಯಲ್ಲಿ ಮಿಶ್ರಣ ಬರುವ, ಹೊಗೆ ಹೋಗುವ ಕಿಂಡಿಗಳನ್ನು, ತೆರೆದು ಮುಚ್ಚುತ್ತದೆ. ಆದ್ದರಿಂದ ಆ ಒಂದೂವರೆ ಮಿಲಿಮೀಟರು ಕಂಪ್ರೆಷನ್ನನ್ನು ಕಡಿಮೆ ಮಾಡುವುದಲ್ಲದೆ ಪೋರ್ಟುಗಳು ತೆರೆಯುವ ವೇಳೆಯನ್ನೂ ಕೆಡಿಸುತ್ತದೆ. ಅದನ್ನಾದರೂ ಸಹಿಸಬಹುದಿತ್ತೇನೋ. ರಿಂಗಿನ ತುದಿಗಳು ತಿರುಗದಂತೆ ತಡೆಯಲು ಪಿಸ್ಟನ್ನಿನಲ್ಲಿ ರಿಂಗು ಕೂರುವ ತೋಡಿನಲ್ಲಿ ಒಂದು ಸಣ್ಣ ಮೊಳೆ ಕೂರಿಸಿರುತ್ತಾರೆ, ಅದು ಯಾವಾಗಲೂ ಪೋರ್ಟಿಲ್ಲದ ಗೋಡೆಯ ಎದುರಿಗೇ ಇರಬೇಕು. ಬಂದ ಪಿಸ್ಟನ್ನಿನಲ್ಲಿ ಅದು ನನ್ನ ಸಿಲಿಂಡರಿನ ಟ್ರಾನ್ಸ್‌ಫರ್ ಪೋರ್ಟಿನ ನೇರಕ್ಕೆ ಬರುತ್ತಿತ್ತು. ಜೋಡಿಸಿ ಓಡಿಸಿದ್ದರೆ ರಿಂಗಿನ ತುದಿ ಪೋರ್ಟಿಗೆ ಸಿಕ್ಕಿ ತುಂಡಾಗಿ, ಇದುವರೆಗೆ ಒಂದು ಗೀರೂ ಬೀಳದೆ ಉಳಿದುಕೊಂಡು ಬಂದ ಕ್ರೋಮ್ ಗೋಡೆಯ ಸಿಲಿಂಡರು ಕೆಲವೇ ನಿಮಿಷಗಳಲ್ಲಿ ಗುಜರಿಗೆ ಹೋಗುತ್ತಿತ್ತು. ಗ್ಯಾಸ್ಕೆಟ್ಟಿನಿಂದ ಪಾಠ ಕಲಿತು ಮೊದಲೇ ಅಳೆದು ನೋಡಿದ್ದರಿಂದ ಅದು ಉಳಿಯಿತು, ಮಾರಿದವರ ಪುಣ್ಯದಿಂದಲ್ಲ.

ಮೂರನೆಯದು ಕ್ರ್ಯಾಂಕಿನ ಆಯಿಲ್ ಸೀಲ್, ಅಂದರೆ ಕ್ರ್ಯಾಂಕಿನ ಸುತ್ತ ಗಾಳಿ ನುಗ್ಗದಂತೆ ತಡೆಯುವ ಉಂಗುರ. ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕೂರಿಸಬೇಕಾದ ಸೀಲು ಬೆರಳು ಮುಟ್ಟಿದ ಕೂಡಲೇ ಒಳಗಿಳಿಯಿತು. ಇದು ಸಣ್ಣ ವಿಷಯ ಎನ್ನುವವರು ಒಮ್ಮೆ ಯೋಚಿಸಬೇಕು: ಸೀಲಿನ ಸುತ್ತ ಗಾಳಿ ನುಗ್ಗಿದರೆ ಮಿಶ್ರಣ ತೆಳುವಾಗುತ್ತದೆ, ಈ ಎಂಜಿನ್ನಿಗೆ ಎಣ್ಣೆ ಬರುವುದೂ ಪೆಟ್ರೋಲಿನ ಜೊತೆಗೇ ಆದ್ದರಿಂದ ಎಣ್ಣೆಯೂ ಕಡಿಮೆಯಾಗುತ್ತದೆ, ಪಿಸ್ಟನ್ ಕಾದು ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ನನ್ನ ಮೂಲ ಪಿಸ್ಟನ್ನಿಗೆ ಗೀರು ಬಿದ್ದದ್ದೂ ಗಟ್ಟಿಯಾಗಿ ಬಿರಿದ ಹಳೆಯ ಸೀಲಿನಿಂದಲೇ.

ಹೊಟ್ಟೆ ಉರಿಯುವುದು ಇಲ್ಲಿಯೇ. ಅದೇ ಕ್ರ್ಯಾಂಕಿನ ಮೇಲೆ, ಆ ಸೀಲಿನ ಬೆನ್ನಿಗೇ ಕೂತಿರುವ ಬೇರಿಂಗಿನ ಮೇಲೆ 6202 ಎಂದು ಕೆತ್ತಿದೆ. ಒಳವ್ಯಾಸ 15, ಹೊರವ್ಯಾಸ 35, ಅಗಲ 11 ಮಿಲಿಮೀಟರ್. ಯಾವ ಬೇರಿಂಗ್ ಅಂಗಡಿಗೆ ಹೋಗಿ ಆ ನಾಲ್ಕಂಕಿ ಹೇಳಿದರೂ ಯಂತ್ರ ಯಾವುದು, ಎಷ್ಟು ಹಳೆಯದು ಎಂದು ಯಾರೂ ಕೇಳದೆ ತೆಗೆದುಕೊಡುತ್ತಾರೆ. ಚೈನಿನ ವಿಷಯವೂ ಹಾಗೆಯೇ. ಮರ ಕೊರೆಯುವ ಹುಳುವಿನ ಬಾಯಿಯನ್ನು ನೋಡಿ ಅಮೆರಿಕದ ಮರ ಕಡಿಯುವವನಾಗಿದ್ದ ಜೋ ಕಾಕ್ಸ್ 1947ರಲ್ಲಿ ರೂಪಿಸಿದ ಹಲ್ಲಿನ ಸಂತತಿಯೇ ಇಂದಿಗೂ ಓಡುತ್ತಿದೆ; ಪಿಚ್ (ಕೊಂಡಿಗಳ ಅಂತರ), ಗೇಜ್ (ಡ್ರೈವ್ ಲಿಂಕಿನ ದಪ್ಪ), ಡ್ರೈವ್ ಲಿಂಕುಗಳ (ಬಾರಿನ ಸೀಳಿನಲ್ಲಿ ಓಡುವ ಕೊಂಡಿಗಳ) ಎಣಿಕೆ ಎಂಬ ಮೂರು ಸಂಖ್ಯೆ ಗೊತ್ತಿದ್ದರೆ ಯಾರು ಮಾಡಿದ ಚೈನಾದರೂ ನಡೆಯುತ್ತದೆ. ಅರ್ಧ ಇಂಚು ಮತ್ತು 7/16 ಇಂಚಿನ ಹಳೆಯ ಪಿಚ್‌ಗಳು ಅಪರೂಪವಾಗಿವೆ ನಿಜ, ಆದರೆ ಏನನ್ನು ಹುಡುಕುತ್ತಿದ್ದೇನೆ ಎಂಬುದಾದರೂ ಹುಡುಕುವವನಿಗೆ ಗೊತ್ತಿರುತ್ತದೆ. ಒಂದೇ ಯಂತ್ರದಲ್ಲಿ ಬೇರಿಂಗಿಗೆ, ಚೈನಿಗೆ ಸಾಧ್ಯವಾದದ್ದು ಸೀಲಿಗೆ, ಪಿಸ್ಟನ್ನಿಗೆ ಏಕೆ ಸಾಧ್ಯವಾಗಬಾರದು?

ತಯಾರಕರಿಗೂ ನನ್ನದೊಂದು ಮಾತಿದೆ. ನೀವು ಕೊಟ್ಟ ಬಿಡಿಭಾಗಗಳ ಪುಸ್ತಿಕೆಯಲ್ಲಿ ಯಂತ್ರವನ್ನು ಸ್ಕ್ರೂ ಸ್ಕ್ರೂ ಬಿಡಿಸಿದ ಸೊಗಸಾದ ಚಿತ್ರಗಳಿವೆ, ಪ್ರತಿ ಭಾಗಕ್ಕೂ ಹತ್ತಂಕಿಯ ಸಂಖ್ಯೆಯಿದೆ, ಒಂದಕ್ಕೂ ಅಳತೆಯಿಲ್ಲ. ಭಾಗ ದೊರೆಯುತ್ತಿರುವವರೆಗೆ ಆ ಸಂಖ್ಯೆಯೇ ಸಾಕಾಗಿತ್ತು. ಸರಬರಾಜು ನಿಲ್ಲಿಸಿದ ಮರುದಿನ ಅದು ಯಾವ ಬೀಗಕ್ಕೂ ತಾಗದ ಕೀಲಿಕೈ. ನೀವು ಇನ್ನು ಮುಂದೆ ಮಾಡುವುದೂ ಇಲ್ಲ, ಮಾರುವುದೂ ಇಲ್ಲ ಎಂದಾದ ಮೇಲೆ ಒಂದು ಸೀಲಿನ ಹೊರವ್ಯಾಸವನ್ನು ಗುಟ್ಟಾಗಿಟ್ಟುಕೊಂಡು ಯಾರಿಂದ ಏನನ್ನು ಕಾಪಾಡುತ್ತಿದ್ದೀರಿ?

ಮಾರುವವರಲ್ಲಿ ಒಬ್ಬರಿಗೆ ನಾನು ವಿನಯದಿಂದಲೇ ಬರೆದಿದ್ದೆ: ಸೀಲಿನ ಒಳವ್ಯಾಸ, ಹೊರವ್ಯಾಸ, ದಪ್ಪ, ಈ ಮೂರನ್ನು ದಯವಿಟ್ಟು ಅಳೆದು ತಿಳಿಸಿ ಎಂದು. ‘ಯಾವ ಮಾಡೆಲ್ ಸರ್?’ ಎಂಬ ಉತ್ತರ ಬಂತು. ಮಾಡೆಲ್ ಹೇಳಿ, ಮತ್ತೆ ಅಳತೆ ಕೇಳಿದೆ. ‘ಕಣ್ಣು ಮುಚ್ಚಿ ತೆಗೆದುಕೊಳ್ಳಿ ಸರ್, ಕೂರುತ್ತದೆ’ ಎಂದರು. ವರ್ನಿಯರ್ ಕ್ಯಾಲಿಪರಿನ ದವಡೆಗಳ ನಡುವೆ ಹಳೆಯ ಸೀಲನ್ನಿಟ್ಟು, ಓದು ಸ್ಪಷ್ಟವಾಗಿ ಕಾಣುವಂತೆ ಫೋಟೋ ತೆಗೆದು ಕಳುಹಿಸಿ, ನಿಮ್ಮದೂ ಇಷ್ಟೇ ಇದೆಯೇ ಎಂದು ಮೂರನೆಯ ಸಲ ಕೇಳಿದ್ದಕ್ಕೆ ಹೆಬ್ಬೆರಳು ಎತ್ತಿದ ಚಿಹ್ನೆಯೊಂದನ್ನು ಕಳುಹಿಸಿ ಸುಮ್ಮನಾದರು. ನಾನು ಅದನ್ನು ಹೌದು ಎಂದು ತಿಳಿದೆ. ಬೆರಳಿಗೇ ಒಳಗಿಳಿದದ್ದು ಆ ಸೀಲೇ. ವಾಪಸು ಕೇಳಿದಾಗ ಮಾತ್ರ ಅವರಿಗೆ ಉದ್ದನೆಯ ವಾಕ್ಯಗಳು ಬಂದವು: ಬಿಚ್ಚಿದ ಭಾಗವನ್ನು ತೆಗೆದುಕೊಳ್ಳುವುದಿಲ್ಲ, ಹಳೆಯ ಯಂತ್ರಗಳಲ್ಲಿ ಸ್ವಲ್ಪ ಹೆಚ್ಚುಕಡಿಮೆ ಇದ್ದೇ ಇರುತ್ತದೆ, ಅನುಭವ ಇರುವವರು ಹೊಂದಿಸಿಕೊಳ್ಳುತ್ತಾರೆ.

ಹೊಂದಿಸಿಕೊಂಡಿದ್ದೇನೆ. ಸೀಲನ್ನು ಬೇರಿಂಗ್ ಮಾರುವವರ ಬಳಿಯೇ ಮೂರು ಅಳತೆಗಳನ್ನು ಚೀಟಿಯಲ್ಲಿ ಬರೆದುಕೊಟ್ಟು ತೆಗೆದುಕೊಂಡೆ. ಅವರು ಹಾಳೆಯ ಮೇಲೆ ಬೆರಳಾಡಿಸಿ, ಒಳಗೆ ಹೋಗಿ ತಂದುಕೊಟ್ಟರು, ಎರಡು ನಿಮಿಷವೂ ಹಿಡಿಯಲಿಲ್ಲ. ಗ್ಯಾಸ್ಕೆಟ್ಟನ್ನು ಹಾಳೆಯಿಂದ ನಾನೇ ಕತ್ತರಿಸಿ, ಆ ಸಣ್ಣ ರಂಧ್ರವನ್ನು ಮೊದಲು ಕೊರೆದು ಆಮೇಲೆ ಉಳಿದದ್ದನ್ನು ಕೊರೆದೆ. ಪಿಸ್ಟನ್ನಿನ ಗೀರುಗಳನ್ನು ನಯವಾದ ಪಾಲಿಷ್ ಕಾಗದದಿಂದ ಉಜ್ಜಿ, ಹೊಸ ರಿಂಗಿನೊಂದಿಗೆ ಹಳೆಯದನ್ನೇ ಹಾಕಲು ತೀರ್ಮಾನಿಸಿದ್ದೇನೆ. ಉಳಿದಿರುವುದು ಕಾರ್ಬುರೇಟರಿಗೂ ಸಿಲಿಂಡರಿಗೂ ನಡುವಿನ ರಬ್ಬರ್ ಬೂಟ್. ಅದು ಮುಟ್ಟಿದರೆ ಪುಡಿಯಾಗುವಷ್ಟು ಒಣಗಿದೆ, ವರ್ನಿಯರ್ ಹಿಡಿದರೆ ಪ್ರತಿ ಸಲವೂ ಬೇರೆ ಓದು ಕೊಡುತ್ತದೆ, ಆದ್ದರಿಂದ ಅದರ ಅಳತೆಯನ್ನು ಈಗ ನಾನೂ ಹೇಳಲಾರೆ. ಒಂದು ಕಡೆ ಮಾರಾಟಕ್ಕಿದೆ. ಐದು ಮಾದರಿಗಳಿಗೆ ಕೂರುತ್ತದೆಯಂತೆ.