ವಾಲಿಯ ಸಾವು ಎರಡನೆಯ ಡಿಸ್ಕಿನಲ್ಲಿ

ಮನೆಯ ಸಮಾರಂಭದ ವಿಡಿಯೊ ತಿದ್ದಿ ಡಿವಿಡಿ ಮಾಡಲು ಅಗ್ಗದ ಸಾಫ್ಟ್‌ವೇರ್ ಯಾವುದು ಎಂದು ತಿಳಿದವರನ್ನು ವಿಚಾರಿಸಿದರೆ, ಅವರು ಮೊದಲು ನಿಮ್ಮ ಕಂಪ್ಯೂಟರಿನ ರ‍್ಯಾಮ್ ಎಷ್ಟು ಎಂದು ಕೇಳುತ್ತಾರೆ. ನಿಜವಾಗಿ ಕೇಳಬೇಕಾದದ್ದು, ನಿಮ್ಮ ದೊಡ್ಡಮ್ಮನಿಗೆ ರಿಮೋಟಿನ ಎಷ್ಟು ಗುಂಡಿ ಗೊತ್ತು ಎಂದು. ನನ್ನ ದೊಡ್ಡಮ್ಮನಿಗೆ ಎರಡು ಗೊತ್ತು. ಒಂದು ಚಾಲೂ ಮಾಡುವುದು, ಇನ್ನೊಂದು ಧ್ವನಿ ಹೆಚ್ಚಿಸುವುದು. ಕಡಿಮೆ ಮಾಡುವ ಗುಂಡಿ ಅವರಿಗೆ ಬೇಕಾಗಿಯೇ ಇಲ್ಲ, ಕಿವಿ ಆ ಮಟ್ಟಕ್ಕೆ ಬಂದಿದೆ.

ಈ ಕಾಲದಲ್ಲಿ ಡಿವಿಡಿ ಯಾಕೆ, ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದರಾಗದೇ ಎಂದು ಕೇಳುವವರು ಕಾಸರಗೋಡು ಜಿಲ್ಲೆಯ ಬಾಯಾರಿನಲ್ಲಿರುವ ದೊಡ್ಡಮ್ಮನ ಮನೆಗೆ ಒಮ್ಮೆ ಹೋಗಿ ಬರಬೇಕು. ಹಟ್ಟಿಯ ಹಿಂದಿನ ಗುಡ್ಡಕ್ಕೆ ಹತ್ತಿ ನಿಂತರೆ ಮೊಬೈಲಿಗೆ ಸಿಗ್ನಲ್ ಸಿಗುತ್ತದೆ. ಮನೆಯೊಳಗೆ ಇರುವುದು ಲ್ಯಾಂಡ್‌ಲೈನ್, ಡಬ್ಬದಂಥ ಹಳೆಯ ಟಿವಿ ಮತ್ತು ಅದರ ತಲೆಯ ಮೇಲೆ ಕಸೂತಿ ಬಟ್ಟೆ ಹೊದ್ದು ಕೂತ ಡಿವಿಡಿ ಪ್ಲೇಯರ್. "ನಾನು ಇರುವಾಗಲೇ ಆ ಮನೆ ಒಕ್ಕಲಿನದ್ದನ್ನೊಮ್ಮೆ ನೋಡಬೇಕು" ಎಂದು ಅವರು ಹೇಳಿದ ಮೇಲೆ ತಪ್ಪಿಸಿಕೊಳ್ಳುವ ದಾರಿಯೇ ಇರಲಿಲ್ಲ.

ನೀರ್ಚಾಲಿನ ಹತ್ತಿರ ನನ್ನ ಭಾವ ಮನೆ ಕಟ್ಟಿಸಿ ಒಕ್ಕಲಾದದ್ದು ಹದಿನೈದು ವರ್ಷಕ್ಕೂ ಹಿಂದೆ. ಬೆಳಗಿನ ಗಣಹೋಮದಿಂದ ರಾತ್ರಿಯ ತಾಳಮದ್ದಳೆಯವರೆಗೆ ಎಲ್ಲವನ್ನೂ ಅವರ ತಮ್ಮ ಹ್ಯಾಂಡಿಕ್ಯಾಮಿನಲ್ಲಿ ಹಿಡಿದಿದ್ದ. ಮಿನಿ ಡಿವಿ ಟೇಪುಗಳು, ಒಂದೊಂದು 60 ನಿಮಿಷದ್ದು. ನಮ್ಮ ಕಡೆಯ ಮಳೆಗಾಲಕ್ಕೆ ಬೂಷ್ಟು ಹಿಡಿಯಬಾರದೆಂದು ಅಕ್ಕ ಅವುಗಳನ್ನು ಬಿಸ್ಕತ್ತಿನ ಡಬ್ಬಿಗೆ ಹಾಕಿ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟಿದ್ದಳು. ಬೂಷ್ಟು ಹಿಡಿಯಲಿಲ್ಲ, ನಿಜ. ಆದರೆ ಡಬ್ಬಿ ತೆರೆದ ಕೂಡಲೇ ಗಣಹೋಮದ ಹೊಗೆಯೂ ರೆಕಾರ್ಡ್ ಆಗಿದೆಯೋ ಎಂಬ ಅನುಮಾನ ಬರುವಷ್ಟು ವಾಸನೆ.

ಟೇಪಿನಿಂದ ಕಂಪ್ಯೂಟರಿಗೆ ವಿಡಿಯೊ ಇಳಿಸಲು ಯುಎಸ್‌ಬಿ ತಂತಿ ಸಾಲದು, ನಮ್ಮ ಕ್ಯಾಮೆರಾದಲ್ಲಿ ಅದು ಫೋಟೊಗಳಿಗೆ ಮಾತ್ರ. ಬೇಕಾದದ್ದು ಫೈರ್‌ವೈರ್, ಅರ್ಥಾತ್ 1394 ಎಂಬ ಸಂಖ್ಯೆಯ ಕೇಬಲ್. ಕಾಸರಗೋಡು ಪೇಟೆಯ ಒಂದು ಅಂಗಡಿಯಲ್ಲಿ "1394 ಇದೆಯೇ?" ಎಂದು ನನಗೆ ಬರುವ ಮಲಯಾಳದಲ್ಲಿ ಕೇಳಿದೆ. ಆತ ಬರೆದುಕೊಳ್ಳಲು ಪೆನ್ನು ತೆಗೆದು, ಫೋನ್ ನಂಬರಿನ ಉಳಿದ ಅಂಕಿಗಳಿಗಾಗಿ ಕಾದ. ಕೊನೆಗೆ ಭಾವನ ಹಳೆಯ ಡೆಸ್ಕ್‌ಟಾಪಿನ ಬೆನ್ನಿನಲ್ಲೇ ಆ ತೂತು ಸಿಕ್ಕಿತು, ತಂತಿ ಕ್ಯಾಮೆರಾದ ಚೀಲದಲ್ಲೇ ಇತ್ತು. ಒಂದು ಗಂಟೆಯ ಟೇಪು ಇಳಿಯಲು ಒಂದು ಗಂಟೆಯೇ ಬೇಕು, ಇಳಿದ ಮೇಲೆ ಅದು ಸುಮಾರು 13 ಜಿಬಿ ಜಾಗ ಹಿಡಿಯುತ್ತದೆ. ಅವಸರ ಮಾಡುವಂತಿಲ್ಲ.

ಇನ್ನು ಸಾಫ್ಟ್‌ವೇರ್. ಒಂದು ಕಾಲದಲ್ಲಿ ಇದು ಸಮಸ್ಯೆಯೇ ಆಗಿರಲಿಲ್ಲ. ವಿಂಡೋಸ್ 7ರ ಜೊತೆಗೇ ಡಿವಿಡಿ ಮೇಕರ್ ಬರುತ್ತಿತ್ತು, 8ರಲ್ಲಿ ಅದನ್ನು ಕೈಬಿಟ್ಟರು. ಮೂವಿ ಮೇಕರ್ 2017ರ ಜನವರಿಯಲ್ಲಿ ನಿಂತಿತು. ವೃತ್ತಿಪರರು ಬಳಸುತ್ತಿದ್ದ ಅಡೋಬಿಯ ಎನ್‌ಕೋರ್ 2012ರ ಸಿಎಸ್6 ಆವೃತ್ತಿಯ ಆಚೆ ಬೆಳೆಯಲೇ ಇಲ್ಲ. ಲೋಕವೆಲ್ಲ ಉಂಡು ಕೈತೊಳೆದ ಮೇಲೆ ನಾವು ಎಲೆ ಹಾಕಿಕೊಂಡು ಕೂತಿದ್ದೆವು.

ಭಾವ ಎಲ್ಲ ಬೆಲೆಗಳನ್ನೂ ಅಡಿಕೆಯ ಕಿಲೋ ಲೆಕ್ಕಕ್ಕೆ ಇಳಿಸಿ ನೋಡುವವರು. ಒಂದೇ ಸಲ ಹಣ ಕೊಟ್ಟು ಕೊಳ್ಳುವಂಥವು ಅವರಿಗೆ ಅರ್ಥವಾದವು, ದುಬಾರಿ ಎನ್ನಿಸಿದರೂ. ತಿಂಗಳಿಗಿಷ್ಟು ಎಂದು ಚಂದಾ ಕೇಳುವವನ್ನು ಕಂಡು ಮಾತ್ರ ರೇಗಿಹೋಯಿತು. "ತಿಂಗಳು ತಿಂಗಳು ಅಡಿಕೆ ಬೀಳುತ್ತದೆಯೇ?" ಎಂದು ಪರದೆಯನ್ನೇ ಕೇಳಿದರು. ಹಾಗಾಗಿ ಮೊದಲು ಪ್ರಯೋಗಾರ್ಥ ಆವೃತ್ತಿಯೊಂದನ್ನು ಇಳಿಸಿಕೊಂಡರು. ಎಲ್ಲ ಸೊಗಸಾಗಿಯೇ ನಡೆಯಿತು. ಡಿಸ್ಕ್ ಹಾಕಿ ನೋಡಿದರೆ ಹೋಮಕ್ಕೆ ಕೂತ ಪುರೋಹಿತರ ಹಣೆಯಲ್ಲಿ, ಭಸ್ಮದ ಮೇಲೆ ಅಡ್ಡಲಾಗಿ ಕಂಪನಿಯ ಹೆಸರು. ಹಣ ಕೊಡುವವರೆಗೆ ಅದು ಅಳಿಯುವುದಿಲ್ಲ. "ಇರಲಿ ಬಿಡು, ಯಾರೋ ಪ್ರಾಯೋಜಕರು ಎಂದುಕೊಳ್ಳುತ್ತಾರೆ" ಎಂದರು ಭಾವ. ಅಕ್ಕ ಒಪ್ಪಲಿಲ್ಲ.

ಆ ಡಿಸ್ಕಿನಲ್ಲಿ ಇನ್ನೂ ದೊಡ್ಡ ಅನಾಹುತ ಕಾದಿತ್ತು. ಡಿವಿಡಿಯ ಮೆನುವಿನಲ್ಲಿ ಪ್ರತಿ ಅಧ್ಯಾಯಕ್ಕೂ ಒಂದು ಪುಟ್ಟ ಚಿತ್ರದ ಗುಂಡಿ ಇರುತ್ತದಷ್ಟೆ? ಆ ಸಾಫ್ಟ್‌ವೇರ್ ತಾನೇ ಜಾಣನಾಗಿ ಪ್ರತಿ ಅಧ್ಯಾಯದ ಮೊದಲ ದೃಶ್ಯವನ್ನು ಆರಿಸಿತ್ತು. 'ಊಟ' ಎಂಬ ಗುಂಡಿಯ ಮೇಲೆ ಚಿಕ್ಕಪ್ಪನವರು ಹೋಳಿಗೆಯ ತುಂಡನ್ನು ಬಾಯಿಯ ಬಾಗಿಲಿಗೆ ತಂದು ನಿಂತಿದ್ದರು. ಚಿಕ್ಕಮ್ಮ ಪಕ್ಕದ ಗುಂಡಿಯಲ್ಲಿ ಮಂಗಳಾರತಿಯ ತಟ್ಟೆ ಹಿಡಿದು ಲಕ್ಷಣವಾಗಿ ಇದ್ದರು, ಆದರೆ ಕಂಪ್ಯೂಟರಿನಲ್ಲಿ ಮಾತ್ರ. ಹಳೆಯ ಟಿವಿಗಳು ಚಿತ್ರದ ನಾಲ್ಕೂ ಅಂಚುಗಳನ್ನು ಚೌಕಟ್ಟಿನ ಹಿಂದೆ ಅಡಗಿಸಿಬಿಡುತ್ತವೆ. ಟಿವಿಯಲ್ಲಿ ತಟ್ಟೆ ಇತ್ತು, ಆರತಿ ಉರಿಯುತ್ತಿತ್ತು, ಚಿಕ್ಕಮ್ಮ ಇರಲಿಲ್ಲ. "ನನ್ನನ್ನು ಬಿಡಬೇಕೆಂದೇ ಬಿಟ್ಟದ್ದು" ಎಂದು ಅವರು ಎದ್ದು ಹೋದರು. ಅಂಚಿನಿಂದ ಸುಮಾರು ಹತ್ತರಲ್ಲಿ ಒಂದು ಪಾಲು ಒಳಗೆ ಬಂದೇ ಅಕ್ಷರವನ್ನೂ ಗುಂಡಿಯನ್ನೂ ಇಡಬೇಕೆಂಬ ನಿಯಮ ಟಿವಿ ಕ್ಷೇತ್ರದವರಿಗೆ ಹಳೆಯದು. ಅದನ್ನು ಚಿಕ್ಕಮ್ಮನಿಗೆ ವಿವರಿಸುವ ಧೈರ್ಯ ನಮ್ಮಲ್ಲಿ ಯಾರಿಗೂ ಬರಲಿಲ್ಲ.

ಇಷ್ಟಾದ ಮೇಲೆ ಒಂಬತ್ತನೇ ತರಗತಿಯಲ್ಲಿ ಓದುವ ಅಕ್ಕನ ಮಗಳು ಬಾಯಿ ಬಿಟ್ಟಳು. ಕಾಸರಗೋಡಿನ ಕನ್ನಡ ಶಾಲೆಗಳೂ ಕೇರಳದ ಶಾಲೆಗಳೇ ತಾನೆ? ಅಲ್ಲಿನ ಕಂಪ್ಯೂಟರುಗಳಲ್ಲಿ ಇರುವುದು ವಿಂಡೋಸ್ ಅಲ್ಲ, ಪುಕ್ಕಟೆ ಸಿಗುವ ಲಿನಕ್ಸ್. ಅವಳು ಲಿಟಲ್ ಕೈಟ್ಸ್ ಎಂಬ ಶಾಲಾ ಮಕ್ಕಳ ಕಂಪ್ಯೂಟರ್ ಕೂಟದ ಸದಸ್ಯೆ, ಶಾಲೆಯ ಕಾರ್ಯಕ್ರಮದ ವಿಡಿಯೊಗಳನ್ನು ಕೆಡೆನ್‌ಲೈವ್‌ನಲ್ಲಿ ಕತ್ತರಿಸಿ ಜೋಡಿಸುವವಳು. "ಮಾವ, ಕತ್ತರಿಸುವುದಕ್ಕೆ ಕೆಡೆನ್‌ಲೈವ್ ಸಾಕು. ಮೆನು ಮಾಡಿ ಡಿಸ್ಕಿಗೆ ಹೊಂದಿಸುವುದಕ್ಕೆ ಡಿವಿಡಿ ಸ್ಟೈಲರ್ ಇದೆ. ಎರಡಕ್ಕೂ ಹಣ ಇಲ್ಲ, ಹಣೆಯ ಮೇಲೆ ಹೆಸರೂ ಬರುವುದಿಲ್ಲ" ಎಂದಳು.

"ಪುಕ್ಕಟೆ ಕೊಡುವವನಿಗೆ ಏನು ಲಾಭ?" ಭಾವನಿಗೆ ಸಂಶಯ.

"ಆಚೆ ಮನೆಯವರು ನಮ್ಮ ಬಾವಿಯ ನೀರು ಒಯ್ಯುವಾಗ ನಿಮಗೇನು ಲಾಭ, ಅಪ್ಪ?"

"ಪಂಪ್ ಕೆಟ್ಟರೆ ರಿಪೇರಿಗೆ ಅವರೂ ಬರುತ್ತಾರೆ."

"ಇಲ್ಲಿಯೂ ಹಾಗೆಯೇ."

ಭಾವ ಮತ್ತೆ ಮಾತಾಡಲಿಲ್ಲ. ಲಾಭ ಎಲ್ಲಿದೆ ಎಂದು ಈಗಲೂ ಹುಡುಕುತ್ತಿದ್ದಾರೆ ಎಂದು ನನ್ನ ಗುಮಾನಿ.

ಹುಡುಗಿ ಮೊದಲು ಮಾಡಿದ ಕೆಲಸವೆಂದರೆ ಅಮೆರಿಕದ ಟಿವಿ ಪದ್ಧತಿಯಾದ ಎನ್‌ಟಿಎಸ್‌ಸಿ ಎಂದಿದ್ದಲ್ಲಿ ನಮ್ಮ ಕಡೆಯ ಪದ್ಧತಿಯಾದ ಪಾಲ್ ಎಂದು ಬದಲಾಯಿಸಿದ್ದು. ನಮ್ಮ ಟಿವಿಗಳ ಲೆಕ್ಕ ಸೆಕೆಂಡಿಗೆ 25 ಚಿತ್ರ, ಒಂದೊಂದು 720×576 ಬಿಂದುಗಳದ್ದು. ಎರಡನೆಯದಾಗಿ, ಡಿಸ್ಕ್ ಹಾಕಿದ ಕೂಡಲೇ ಮೆನುವಿಗೆ ಹೋಗದೆ ನೇರವಾಗಿ ಗಣಹೋಮ ಶುರುವಾಗುವಂತೆ ಮಾಡಿದಳು, ಮೆನು ಕಡೆಗೆ ಬರುತ್ತದೆ. ದೊಡ್ಡಮ್ಮನ ಎರಡು ಗುಂಡಿಗೆ ಇದಕ್ಕಿಂತ ದೊಡ್ಡ ಗೌರವ ಬೇರೆ ಯಾವ ಕಂಪನಿಯೂ ಕೊಟ್ಟಿರಲಿಲ್ಲ.

ಡಿಸ್ಕಿಗೆ ಬರೆಯುವಾಗ ಕರೆಂಟು ಹೋಗಿ ಕೆಟ್ಟವು ಕೆಲವು ಇದ್ದವು. ಅವು ಈಗ ತೊಂಡೆಯ ಚಪ್ಪರದಲ್ಲಿ ಹಕ್ಕಿ ಓಡಿಸಲು ತೂಗುತ್ತಿವೆ. ಹಕ್ಕಿಗಳು ಹೆದರುವುದಿಲ್ಲ, ಎದುರು ಕೂತು ಮುಖ ನೋಡಿಕೊಳ್ಳುತ್ತವೆ.

ಹಗಲಿನ ಕಾರ್ಯಕ್ರಮ ಕತ್ತರಿಸಿ ಕತ್ತರಿಸಿ ಒಂದು ಡಿಸ್ಕಿಗೆ ಇಳಿಯಿತು. ತೊಡಕು ಬಂದದ್ದು ತಾಳಮದ್ದಳೆಯಲ್ಲಿ. ನಮ್ಮ ಸೋದರಮಾವ ಅಂದು ವಾಲಿಯ ಅರ್ಥ ಹೇಳಿದ್ದರು, ಎಂದರೆ ಕೂತಲ್ಲೇ ವಾಲಿಯಾಗಿ ಮಾತಾಡಿದ್ದರು. ಮಾವನ ವಾಲಿ ಎಂದರೆ ಬಾಣ ತಾಗಿದ ಮೇಲೆ ಶುರುವಾಗುವವನು. ಮರದ ಮರೆಯಿಂದ ಹೊಡೆದದ್ದು ಯಾವ ಧರ್ಮ, ನಾನು ನಿನಗೇನು ಮಾಡಿದ್ದೆ, ನನ್ನನ್ನು ಕೇಳಿದ್ದರೆ ನಿನ್ನ ಹೆಂಡತಿಯನ್ನು ನಾನೇ ತಂದುಕೊಡುತ್ತಿರಲಿಲ್ಲವೇ ಎಂದು ರಾಮನನ್ನು ಬೆವರಿಳಿಸಿ, ಪ್ರಾಣ ಬಿಡುವುದಕ್ಕೆ ಟೇಪು ಬದಲಾಯಿಸಬೇಕಾಗಿತ್ತು. ಒಟ್ಟು ಮೂರೂವರೆ ಗಂಟೆ.

ಸಾಮಾನ್ಯ ಡಿಸ್ಕಿನ ಹೊಟ್ಟೆ 4.7 ಜಿಬಿ. ಎರಡು ಗಂಟೆ ತುಂಬಿದರೆ ಪ್ರತಿ ಸೆಕೆಂಡಿನ ಪಾಲಿಗೆ 5 ಮೆಗಾಬಿಟ್ ಮಾಹಿತಿಗೆ ಜಾಗ ಸಿಗುತ್ತದೆ, ಚಿತ್ರ ಚೆನ್ನಾಗಿರುತ್ತದೆ. ಮೂರೂವರೆ ಗಂಟೆ ತುರುಕಿದರೆ ಮೂರಕ್ಕಿಂತ ಕಡಿಮೆ. ಧ್ವನಿಯನ್ನು ಪಿಸಿಎಂ ಎಂದು, ಅಂದರೆ ಕುಗ್ಗಿಸದೆ, ಹಾಗೆಯೇ ಬಿಟ್ಟರೆ ಅದೊಂದೇ ಒಂದೂವರೆ ಮೆಗಾಬಿಟ್ ನುಂಗುತ್ತದೆ, ಎಸಿ-3 ಎಂಬ ವಿಧಾನದಲ್ಲಿ ಕುಗ್ಗಿಸಿದರೆ ಅದರ ಎಂಟನೇ ಒಂದು ಪಾಲಿನಲ್ಲಿ ಮುಗಿಯುತ್ತದೆ. ಹುಡುಗಿ ಅದನ್ನೂ ಮಾಡಿದಳು. ತಾಳಮದ್ದಳೆಯಲ್ಲಿ ಎಲ್ಲರೂ ಕೂತೇ ಇರುವುದರಿಂದ ಕಡಿಮೆ ಬಿಟ್ ಸಾಕೆಂದು ನಾನು ವಾದಿಸಿದೆ. ಅರ್ಥಧಾರಿಗಳ ಮಟ್ಟಿಗೆ ಅದು ಸರಿಯೇ ಇತ್ತು. ಮದ್ದಳೆಯವರ ಕೈಬೆರಳುಗಳು ಮಾತ್ರ ಚೌಕ ಚೌಕವಾಗಿ ಉದುರತೊಡಗಿದವು.

"ಸ್ವಲ್ಪ ಕತ್ತರಿಸೋಣವೇ, ಮಾವ?" ಎಂದು ಫೋನಿನಲ್ಲಿ ಕೇಳಿದೆ.

"ರಾಮನ ಮಾತು ಕತ್ತರಿಸು" ಎಂದರು ಮಾವ.

ರಾಮನ ಅರ್ಥ ಹೇಳಿದವರು ನಮಗೆ ಪಾಠ ಮಾಡಿದ ಮಾಸ್ತರರು, ಅವರಿಗೂ ಒಂದು ಪ್ರತಿ ಹೋಗಬೇಕಿತ್ತು. ಬೇರೆ ದಾರಿಯಿಲ್ಲದೆ ತಾಳಮದ್ದಳೆಯನ್ನೇ ಎರಡು ಡಿಸ್ಕ್ ಮಾಡುವುದೆಂದಾಯಿತು. ಎಲ್ಲಿ ಮುರಿಯಬೇಕು? ಸರಿಯಾಗಿ ಅರ್ಧಕ್ಕೆ ರಾಮ ಬಾಣ ಹೂಡುವ ಪದ ಬರುತ್ತಿತ್ತು, ಚೆಂಡೆಯ ಒಂದು ಪೆಟ್ಟಿಗೆ ಅಲ್ಲಿ ಬಿಡುವೂ ಇತ್ತು. ಅಲ್ಲಿಗೆ ಡಿಸ್ಕ್ ಒಂದು ಮುಗಿದರೆ ಜನ ಎರಡನೆಯದನ್ನು ಹಾಕದೆ ಇರಲಾರರು ಎಂದು ಹುಡುಗಿ ಲೆಕ್ಕ ಹಾಕಿದಳು.

ಪ್ರತಿಗಳನ್ನು ಲಕೋಟೆಗೆ ಹಾಕುವ ಹೊಣೆ ಭಾವನದ್ದು. ಎಲ್ಲ ಡಿಸ್ಕುಗಳೂ ನೋಡುವುದಕ್ಕೆ ಒಂದೇ ತರಹ, ಮಾರ್ಕರ್ ಪೆನ್ನು ಒಣಗಿಹೋಗಿತ್ತು. ಬಾಯಾರಿಗೆ ತಾಳಮದ್ದಳೆಯ ಮೊದಲ ಡಿಸ್ಕೇ ಎರಡು ಹೋಯಿತು.

ವಾರ ಕಳೆದು ಮಾವ ನಮ್ಮಲ್ಲಿಗೆ ಬಂದು ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದಾಗ ದೊಡ್ಡಮ್ಮನ ಫೋನು ಬಂತು. ಅವರ ಧ್ವನಿಗೆ ಸ್ಪೀಕರ್ ಹಾಕುವ ಅಗತ್ಯ ಇರುವುದಿಲ್ಲ. "ಬಹಳ ಚೆಂದ ಬಂದಿದೆ, ಎರಡೂ ಡಿಸ್ಕನ್ನು ಕೂತು ನೋಡಿದೆ. ಎರಡನೆಯದರಲ್ಲೂ ಅದೇ ಮಾತು ಬರುತ್ತದೆ, ಪರವಾಗಿಲ್ಲ, ಅವನದ್ದು ಯಾವಾಗಲೂ ಹಾಗೆಯೇ. ಆದರೆ ವಾಲಿಯನ್ನು ಕೊಲ್ಲದೆ ಬಿಟ್ಟದ್ದು ಒಳ್ಳೆಯದಾಯಿತು. ಇಷ್ಟು ಬೇಗ ಮುಗಿಸಲು ನಿನ್ನ ಮಾವನಿಗೆ ಬರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ."

ಮಾವ ಲೋಟ ಕೆಳಗಿಟ್ಟರು. ಎರಡನೆಯ ಡಿಸ್ಕನ್ನು ನಾಳೆಯೇ ಯಾರ ಕೈಯಲ್ಲಾದರೂ ಕಳುಹಿಸುತ್ತೇನೆ ಎಂದು ನಾನು ಸಮಾಧಾನ ಮಾಡಲು ಹೋದೆ.

"ಡಿಸ್ಕ್ ಬೇಡ" ಎಂದರು ಮಾವ, ಶಾಲು ಹೆಗಲಿಗೆ ಏರಿಸುತ್ತಾ. "ಬಾಯಾರಿಗೆ ಹೋಗುವ ಬಸ್ಸು ಎಷ್ಟು ಗಂಟೆಗೆ? ಉಳಿದದ್ದನ್ನು ನಾನೇ ಹೋಗಿ ಹೇಳಿ ಬರುತ್ತೇನೆ."